ಕೆದುಮೂಲೆ ಡೈರಿಯ ಶಶಿಯಕ್ಕ

ಹಾಲು ಒಕ್ಕೂಟದಲ್ಲಿ ವಿಸ್ತರಣಾಧಿಕಾರಿಯಾಗಿ ಇಪ್ಪತ್ತೊಂಬತ್ತು ವರ್ಷ ದುಡಿದ ನಾನು ಅಷ್ಟು ವರ್ಷಗಳಲ್ಲಿ ಹನ್ನೊಂದು ಹಳ್ಳಿ ಡೈರಿಗಳಿಗೆ ಬೀಗ ಹಾಕಿಸಿದ್ದೇನೆ. ಬೆಳ್ತಂಗಡಿ ತಾಲೂಕಿನಲ್ಲಿ ನಾಲ್ಕು, ಮೂಡುಬಿದಿರೆ ಕಡೆ ಎರಡು, ಉಳಿದವು ಬಂಟ್ವಾಳದಲ್ಲಿ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ನಿವೃತ್ತನಾಗಿ ಲಾಯಿಲದ ಮನೆಯಲ್ಲಿ ಕುಳಿತ ಮೇಲೆ ಸುಳ್ಳು ಹೇಳಿ ನನಗೆ ಆಗಬೇಕಾದದ್ದೇನೂ ಇಲ್ಲ, ಅದಕ್ಕೆ ಹೇಳುತ್ತಿದ್ದೇನೆ. ಹನ್ನೆರಡನೆಯದಾಗಿ ನನ್ನ ಕೈಗೆ ಬಂದದ್ದು ಕೆದುಮೂಲೆ ಡೈರಿ. ಅದರ ಕಾರ್ಯದರ್ಶಿ ಶಶಿಪ್ರಭಾ ಎಂಬವರ ಕಥೆ ಇದು. ಊರಿಗೆಲ್ಲ ಅವರು ಶಶಿಯಕ್ಕ.

ಕೆದುಮೂಲೆ ಬಂಟ್ವಾಳ ತಾಲೂಕಿನ ಕೊನೆ. ಬಿ.ಸಿ.ರೋಡಿನಲ್ಲಿ ಬಸ್ಸು ಹತ್ತಿ, ವಿಟ್ಲ ದಾಟಿ, ಕಂಡಕ್ಟರ್ ಟಿಕೇಟಿನ ಚೀಲ ಮಡಚಿಟ್ಟು ಕುಳಿತುಬಿಡುವಲ್ಲಿ ಪೇಟೆ. ಪೇಟೆ ಎಂದರೆ ಹದಿನಾಲ್ಕು ಅಂಗಡಿ, ಎರಡು ಹೋಟೆಲು, ಒಂದು ಪೆಟ್ರೋಲ್ ಪಂಪು, ಒಂದು ಡೈರಿ. ಡೈರಿಯ ಅಂಗಳದಿಂದ ಇನ್ನೂರು ಮೀಟರ್ ನಡೆದರೆ ಕೇರಳ. ಅಲ್ಲಿ ಡಾಮರಿನ ಬಣ್ಣ ಬದಲಾಗುತ್ತದೆ, ಬೇರೆ ಗುರುತು ಬೇಕಾಗಿಲ್ಲ. ಈ ಗೆರೆಯನ್ನು ಜನ ಚೆನ್ನಾಗಿ ಬಳಸಿಕೊಳ್ಳುತ್ತಾರೆ. ಆಚೆಯವರು ಪೆಟ್ರೋಲ್ ಹಾಕಿಸಲು ಈಚೆ ಬರುತ್ತಾರೆ, ಈಚೆಯವರು ಕೂಲಿಗೆ ಆಚೆ ಹೋಗುತ್ತಾರೆ. ಅಲ್ಲಿ ದಿನಗೂಲಿ ಹೆಚ್ಚು. ಹೆಣ್ಣು ಕೊಡುವುದು, ತರುವುದು ಎರಡೂ ಕಡೆ ನಡೆಯುತ್ತದೆ.

ಒಮ್ಮೆ ಬಿ.ಸಿ.ರೋಡಿನ ಒಂದು ಸಭಾಂಗಣದಲ್ಲಿ ಗಡಿನಾಡ ಪೇಟೆಗಳ ಅಭಿವೃದ್ಧಿಯ ಬಗ್ಗೆ ವಿಚಾರ ಸಂಕಿರಣವಿತ್ತು. ಪರದೆಯ ಮೇಲೆ 'ಆರ್ಥಿಕ ಸ್ಪರ್ಧಾತ್ಮಕತೆ' ಎಂದು ಬರೆದು ಅದರ ಸುತ್ತ ಬಾಣಗಳನ್ನು ಹಾಕಿದ್ದರು. ಬಾಣಗಳೆಲ್ಲ ಎಲ್ಲಿಂದಲೋ ಹೊರಟು ಎಲ್ಲಿಗೋ ಹೋಗುತ್ತಿದ್ದವು. ನಾನು ಕೊಟ್ಟ ಊಟ ಮಾಡಿ, ಕೊಟ್ಟ ಚೀಲ ಹಿಡಿದುಕೊಂಡು ಮನೆಗೆ ಬಂದೆ. ಆ ಶಬ್ದದ ಅರ್ಥ ನನಗೆ ತಿಳಿದದ್ದು ಆಮೇಲೆ, ಕೆದುಮೂಲೆಯ ಡೈರಿಯ ಒದ್ದೆ ಸಿಮೆಂಟಿನ ಮೇಲೆ ನಿಂತಾಗ.

ವಿಷಯ ಇಷ್ಟು. ಕೆದುಮೂಲೆ ಡೈರಿಗೆ ಒಂದು ಕಾಲದಲ್ಲಿ ದಿನಕ್ಕೆ ಒಂಬೈನೂರು ಲೀಟರ್ ಹಾಲು ಬರುತ್ತಿತ್ತು. ಅದಕ್ಕಾಗಿಯೇ ಒಕ್ಕೂಟ ಅಲ್ಲಿ ಹಾಲು ತಂಪು ಮಾಡುವ ದೊಡ್ಡ ಕೂಲರ್ ಟ್ಯಾಂಕಿ ಇಟ್ಟಿತ್ತು. ಆಮೇಲೆ ಗಡಿಯಾಚೆಯಿಂದ ಅಸ್ಕರ್ ಎಂಬವನ ಪಿಕಪ್ ಮನೆ ಬಾಗಿಲಿಗೇ ಬರತೊಡಗಿತು. ನಾವು ಕೊಡುವುದಕ್ಕಿಂತ ಲೀಟರಿಗೆ ಆರು ರೂಪಾಯಿ ಹೆಚ್ಚು. ಪರೀಕ್ಷೆ ಇಲ್ಲ, ಡೈರಿಗೆ ನಡೆಯುವ ಕೆಲಸವಿಲ್ಲ. ಯಾರು ಬೇಡವೆನ್ನುತ್ತಾರೆ? ಎರಡು ವರ್ಷದಲ್ಲಿ ಡೈರಿಯ ಹಾಲು ಮುನ್ನೂರ ಹತ್ತಕ್ಕೆ ಇಳಿಯಿತು. ಅಷ್ಟು ಹಾಲಿಗೆ ಕೂಲರ್ ಓಡಿಸುವುದು ಕರೆಂಟಿಗೆ ದಂಡ ಎಂದು ನಾನೇ ವರದಿ ಬರೆದೆ. ಒಕ್ಕೂಟ ನೋಟೀಸು ಹೊರಡಿಸಿತು. ಜನವರಿ ತಿಂಗಳ ಸರಾಸರಿ ಐನೂರು ಲೀಟರ್ ಮುಟ್ಟದಿದ್ದರೆ ಕೂಲರನ್ನು ಕಿತ್ತು ಮೂಡುಬಿದಿರೆ ಹತ್ತಿರದ ಇನ್ನೊಂದು ಸಂಘಕ್ಕೆ ಕೊಡುವುದು, ಕೆದುಮೂಲೆಯನ್ನು ಮುಚ್ಚುವುದು. ಅದನ್ನು ಕೊಡಲು ನವೆಂಬರಿನ ಒಂದು ಬೆಳಿಗ್ಗೆ ನಾನು ಹೋದೆ.

ಶಶಿಯಕ್ಕನಿಗೆ ಆಗ ನಲ್ವತ್ತೇಳು ವರ್ಷ. ಕಪ್ಪಗೆ, ಸಣ್ಣಗೆ, ಯಾವಾಗಲೂ ಸೆರಗು ಸೊಂಟಕ್ಕೆ ಸಿಕ್ಕಿಸಿರುವವರು. ಹುಟ್ಟಿದ್ದು ಮೂಡುಬಿದಿರೆ ಕಡೆ. ಹತ್ತನೇ ಕ್ಲಾಸು ಮುಗಿಸಿ ಬೀಡಿ ಕಟ್ಟುತ್ತಿದ್ದವರು ಮದುವೆಯಾಗಿ ಕೆದುಮೂಲೆಗೆ ಬಂದರು. ಗಂಡ ಶಂಭು ಮಸ್ಕತ್ತಿನ ಹೋಟೆಲೊಂದರಲ್ಲಿ ಅಡುಗೆಯವರು, ಎರಡು ವರ್ಷಕ್ಕೊಮ್ಮೆ ಬರುವವರು. ಡೈರಿಗೆ ಇವರು ಸೇರಿದ್ದು ಕ್ಯಾನ್ ತೊಳೆಯಲು. ತೊಳೆಯುತ್ತ ತೊಳೆಯುತ್ತ ಹಾಲಿನ ಕೊಬ್ಬು ಅಳೆಯಲು ಕಲಿತರು, ರಿಜಿಸ್ಟರ್ ಬರೆಯಲು ಕಲಿತರು, ಕೂಲರಿನ ಮೋಟಾರು ಕೆಟ್ಟರೆ ಮೆಕ್ಯಾನಿಕ್ ಬರುವ ತನಕ ಏನು ಮಾಡಬೇಕೆಂದು ಕಲಿತರು. ಹನ್ನೆರಡು ವರ್ಷಕ್ಕೆ ಕಾರ್ಯದರ್ಶಿಯಾದರು. ನಾನು ಕಂಡ ನೂರಾರು ಕಾರ್ಯದರ್ಶಿಗಳಲ್ಲಿ ಕಾಗದ ನೋಡದೆ ಪ್ರತಿ ಸದಸ್ಯರ ಹಸು ಯಾವಾಗ ಕರು ಹಾಕಿತು ಎಂದು ಹೇಳಬಲ್ಲವರು ಇವರೊಬ್ಬರೇ.

ನೋಟೀಸನ್ನು ಎರಡು ಸಲ ಓದಿದರು. "ಸರ್, ಈ ಕೂಲರ್ ಹೋಗುವುದು ನನ್ನ ತವರಿನ ಪಕ್ಕದ ಊರಿಗೇ ಅಲ್ವಾ?"

"ಹೌದು. ಅಲ್ಲಿ ಹಾಲು ಜಾಸ್ತಿ ಆಗಿ ಜಾಗ ಸಾಕಾಗುದಿಲ್ಲ."

"ಅವರಿಗೂ ಬೇಕು. ಅವರ ತಪ್ಪಲ್ಲ." ನೋಟೀಸನ್ನು ಮಡಚಿ ಮೊಳೆಗೆ ಚುಚ್ಚಿದರು. "ನೀವು ಇವತ್ತು ಬೇಗ ಬಂದಿದ್ದೀರಿ. ಹನೀಫಾಕನ ಅಂಗಡಿಯಲ್ಲಿ ಒಂದು ಗಂಟೆ ಕೂತ್ಕೊಂಡು ಹೋಗಿ ಸರ್. ಚಾ ನಾನು ಹೇಳ್ತೇನೆ."

ಇದೇನು ಕೇಳಿಕೆಯೋ ಅನಿಸಿತು. ಆದರೂ ಹೋಗಿ ಕುಳಿತೆ. ಹನೀಫಾ ಡೈರಿಯ ಎದುರಿನ ದಿನಸಿ ಅಂಗಡಿಯ ಯಜಮಾನರು. ಗಂಟೆ ಏಳು. ಹಾಲು ಹಾಕಿ ಬಂದವರೆಲ್ಲ ಖಾಲಿ ಪಾತ್ರೆ ಹಿಡಿದುಕೊಂಡು ಅಂಗಡಿಗೆ ಹತ್ತಿದರು. ಒಬ್ಬರಿಗೆ ಬೆಲ್ಲ, ಒಬ್ಬರಿಗೆ ಹಸುವಿನ ಹಿಂಡಿ, ಒಬ್ಬರಿಗೆ ಮೊಬೈಲಿಗೆ ರೀಚಾರ್ಜು. ಪಕ್ಕದ ಹೋಟೆಲಿನಲ್ಲಿ ಬನ್ಸು ಖಾಲಿ. ಮೀನಿನ ಬೈಕಿನವನು ಅದೇ ಹೊತ್ತಿಗೆ ಬಂದು ನಿಂತ. ಎಂಟೂವರೆಗೆ ಪೇಟೆ ಮತ್ತೆ ಮೌನವಾಯಿತು.

"ನೋಡಿದಿರಲ್ಲ ಸರ್," ಹನೀಫಾ ಹೇಳಿದರು. "ಇನ್ನು ಸಂಜೆ ಹಾಲಿನ ಹೊತ್ತಿನ ತನಕ ನಾವು ನೊಣ ಓಡಿಸುವುದು. ಹಿಂದೆ ಇದರ ಮೂರು ಪಾಲು ಜನ ಬರ್ತಿದ್ರು. ಪಿಕಪ್ ಮನೆಗೇ ಹೋಗ್ಲಿಕ್ಕೆ ಸುರುವಾದ ಮೇಲೆ ಪೇಟೆಗೆ ಯಾಕೆ ಬರ್ತಾರೆ? ಎರಡು ಅಂಗಡಿ ಬಾಗಿಲು ಹಾಕಿ ಆಯ್ತು. ಡೈರಿ ಹೋದ್ರೆ ನಂದು ಮೂರನೇದು."

ನಾನು ಇಪ್ಪತ್ತೆಂಟು ವರ್ಷ ಡೈರಿಗಳನ್ನು ಲೀಟರಿನಲ್ಲಿ ಅಳೆದವನು. ಡೈರಿಯೆಂದರೆ ದಿನಕ್ಕೆ ಎರಡು ಸಲ ಊರನ್ನು ಪೇಟೆಗೆ ಕರೆದು ತರುವ ವ್ಯವಸ್ಥೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಮುಚ್ಚಿಸಿದ ಆ ಹನ್ನೊಂದು ಊರುಗಳಲ್ಲಿ ಎಷ್ಟು ಅಂಗಡಿಗಳು ಆಮೇಲೆ ಬಾಗಿಲು ಹಾಕಿದವೋ ಏನೋ. ತಿರುಗಿ ಹೋಗಿ ನೋಡಿದವನಲ್ಲ ನಾನು. ಬಸ್ಸಿನಲ್ಲಿ ಕುಳಿತು ಬರುವಾಗ ಮನಸ್ಸಿಗೆ ಹಿತವಾಗಿರಲಿಲ್ಲ.

ಮುಂದೆ ನಡೆದದ್ದನ್ನು ಶಶಿಯಕ್ಕನೇ ನನಗೆ ಹೇಳಿದರು, ನಗುತ್ತಲೇ ಹೇಳಿದರು.

ಅಸ್ಕರನ ಪಿಕಪ್ಪಿನ ಹಾಲು ಹೋಗುತ್ತಿದ್ದುದು ಗಡಿಯಿಂದ ಎರಡು ಕಿಲೋಮೀಟರ್ ಆಚೆಗಿದ್ದ ಬೇಕರಿಗೆ. ಅಬ್ದುಲ್ ಶುಕೂರ್ ಹಾಜಿ ಎಂಬ ಹಿರಿಯರದು. ಸುತ್ತಲಿನ ಏಳೆಂಟು ಪೇಟೆಗಳಿಗೆ ಅಲ್ಲಿಂದಲೇ ಕೇಕು, ಪೇಡ, ಐಸ್‌ಕ್ರೀಮು. ಎರಡು ತಿಂಗಳ ಮಟ್ಟಿಗೆ ಮನೆಮನೆಗೆ ಪಿಕಪ್ ಕಳಿಸಬೇಡಿ ಎಂದು ಕೈಮುಗಿದು ಕೇಳುವುದೆಂದು ಶಶಿಯಕ್ಕ ನಡೆದುಕೊಂಡೇ ಹೋದರು. ದಾರಿಯುದ್ದಕ್ಕೂ ತಲೆಯಲ್ಲಿ ಒಂದೇ ಲೆಕ್ಕ: ಐನೂರು ಲೀಟರ್, ಐನೂರು ಲೀಟರ್.

ಹಾಜಿಯವರು ತುಳುವಿನಲ್ಲೇ ಮಾತಾಡಿಸಿದರು. ಕುಳ್ಳಿರಿಸಿದರು, ನೀರು ಕೊಡಿಸಿದರು, ಎಲ್ಲಿಂದ ಬಂದದ್ದು ಎಂದು ಕೇಳಿದರು. ಇವರು ಕೆದುಮೂಲೆ ಡೈರಿಯಿಂದ ಎಂದರು. ಆಗ ಹಾಜಿಯವರಿಗೆ ಫೋನು ಬಂತು. ಮಲಯಾಳದಲ್ಲಿ ಐದು ನಿಮಿಷ ಯಾರನ್ನೋ ಗದರಿ, ಫೋನಿಟ್ಟು, ಆರ್ಡರಿನ ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತೆಗೆದು ಕೇಳಿದರು.

"ಪೇರ್?"

"ಐನೂರು ಲೀಟರ್. ದಿನಕ್ಕೆ," ಎಂದರು ಶಶಿಯಕ್ಕ.

ತುಳುವಿನಲ್ಲಿ ಪೇರ್ ಎಂದರೆ ಹಾಲು. ಮಲಯಾಳದಲ್ಲಿ ಪೇರ್ ಎಂದರೆ ಹೆಸರು. ಕೆದುಮೂಲೆಯ ಮಕ್ಕಳು ಶಾಲೆಯಲ್ಲಿ ಇದನ್ನೇ ಹೇಳಿ ಒಬ್ಬರನ್ನೊಬ್ಬರು ತಮಾಷೆ ಮಾಡುತ್ತಾರೆ. ಇಪ್ಪತ್ತನಾಲ್ಕು ವರ್ಷ ಆ ಗಡಿಯಲ್ಲಿ ಬಾಳಿದ ಶಶಿಯಕ್ಕನಿಗೆ ಇದು ಗೊತ್ತಿಲ್ಲವೆಂದಲ್ಲ. ಫೋನಿನ ಗುಂಗಿನಲ್ಲಿ ಹಾಜಿಯವರು ಮಲಯಾಳದಲ್ಲೇ ಉಳಿದಿದ್ದರು, ಹಾಲಿನ ಗುಂಗಿನಲ್ಲಿ ಇವರು ತುಳುವಿನಲ್ಲೇ ಉಳಿದಿದ್ದರು. ಅಷ್ಟೇ.

ಹಾಜಿಯವರ ಹುಬ್ಬು ಮೇಲಕ್ಕೇರಿತು. ಬರೆದುಕೊಂಡರು. "ಒಳ್ಳೆಯದಾಯ್ತು. ನನಗೂ ಹೊಸ ಮೆಷಿನ್ ಬಂದದ್ದುಂಟು. ಒಂದನೇ ತಾರೀಕಿನಿಂದ ಕಳಿಸಿ. ಅಸ್ಕರ್ ಕೊಡುವುದಕ್ಕಿಂತ ಎರಡು ರೂಪಾಯಿ ಜಾಸ್ತಿ ಕೊಡ್ತೇನೆ." ಅಷ್ಟರಲ್ಲಿ ಮತ್ತೆ ಫೋನು. ಇವರು ಏನು ನಡೆಯಿತೆಂದು ತಿಳಿಯದೆ ಎದ್ದು, ಕೈಮುಗಿದು ಹೊರಗೆ ಬಂದರು.

ತಿಳಿದದ್ದು ಡಾಮರಿನ ಬಣ್ಣ ಬದಲಾಗುವಲ್ಲಿಗೆ ಬಂದಾಗ. ರಸ್ತೆಯ ಬದಿಗೆ ನಿಂತು ಒಬ್ಬರೇ ನಕ್ಕರಂತೆ. ಆಮೇಲೆ ನಗು ನಿಂತಿತು. ದಿನಕ್ಕೆ ಐನೂರು ಲೀಟರ್ ಕೊಡುತ್ತೇನೆಂದು ಒಬ್ಬ ವ್ಯಾಪಾರಿಗೆ ಮಾತು ಕೊಟ್ಟು ಬಂದ ಹಾಗಾಯಿತು. ಡೈರಿಯಲ್ಲಿದ್ದದ್ದು ಮುನ್ನೂರ ಹತ್ತು. ಸುಮ್ಮನೆ ಮನೆಗೆ ಹೋಗಬಹುದಿತ್ತು, ಫೋನು ಮಾಡಿ ಸಬೂಬು ಹೇಳಬಹುದಿತ್ತು. ನಾನಾದರೆ ಹಾಗೆಯೇ ಮಾಡುತ್ತಿದ್ದೆ. ಇವರು ಅದೇ ಬಿಸಿಲಿನಲ್ಲಿ ಎರಡು ಕಿಲೋಮೀಟರ್ ಹಿಂದಕ್ಕೆ ನಡೆದರು.

"ಹಾಜಿಯವರೇ, ನೀವು ಕೇಳಿದ್ದು ಹೆಸರು. ನಾನು ಹೇಳಿದ್ದು ಹಾಲು. ನನ್ನ ಹೆಸರು ಶಶಿಪ್ರಭಾ. ಐನೂರು ಲೀಟರ್ ನನ್ನ ಹತ್ತಿರ ಇಲ್ಲ. ಅದು ನನಗೆ ಬೇಕಾದದ್ದು. ಇರುವುದು ಮುನ್ನೂರು ಚಿಲ್ಲರೆ, ಅದ್ರಲ್ಲಿ ನಿಮಗೆ ಕೊಡ್ಲಿಕ್ಕೆ ಆಗುವುದು ನೂರು ಲೀಟರ್."

ಹಾಜಿಯವರು ಪುಸ್ತಕದಲ್ಲಿ ಬರೆದದ್ದನ್ನು ಹೊಡೆದು ಹಾಕಿದರು. "ಹಾಲು ಉಂಟು ಅಂತ ಹೇಳ್ಲಿಕ್ಕೆ ಬರುವವರನ್ನು ದಿನಾ ನೋಡ್ತೇನೆ. ಇಲ್ಲ ಅಂತ ಹೇಳ್ಲಿಕ್ಕೆ ಇಷ್ಟು ದೂರ ತಿರುಗಿ ಬಂದವರು ನೀವೊಬ್ಬರೇ. ಆ ನೂರು ಲೀಟರ್ ತಂಪು ಮಾಡಿದ್ದಾ?"

"ನಾಲ್ಕು ಡಿಗ್ರಿ."

"ಅಸ್ಕರನದ್ದು ವಾರಕ್ಕೆ ಎರಡು ದಿನ ಒಡೀತದೆ. ಬಿಸಿಲಲ್ಲಿ ಮನೆಮನೆ ಸುತ್ತುವಾಗ ಹಾಲು ಎಷ್ಟು ಹೊತ್ತು ಇರ್ತದೆ? ನೀರಿನ ಕತೆ ಏನು?"

"ನೀರಿನ ಹಾಲನ್ನು ನಾನು ತಕ್ಕೊಳ್ಳುವುದಿಲ್ಲ. ಯಾರದ್ದೇ ಆದ್ರೂ."

ಆ ಎರಡು ರೂಪಾಯಿ ಹೆಚ್ಚಿಗೆಯ ಮಾತು ಹಾಗೆಯೇ ಉಳಿಯಿತು, ಐನೂರರ ಬದಲು ನೂರು ಲೀಟರಿಗೆ.

ಇನ್ನು ಉಳಿದದ್ದು ನನ್ನ ಒಪ್ಪಿಗೆ. ಡೈರಿಗೆ ಬಂದ ಹಾಲಿನಲ್ಲಿ ಮೂರನೇ ಒಂದು ಪಾಲನ್ನು ಸಂಘ ತಾನೇ 'ಸ್ಥಳೀಯ ಬಳಕೆದಾರರಿಗೆ' ಮಾರಬಹುದು, ಬಂದ ಲಾಭವನ್ನು ಸದಸ್ಯರಿಗೆ ಹಂಚಬಹುದು ಎಂದು ನಮ್ಮ ನಿಯಮವಿತ್ತು. ಬೇರೆ ರಾಜ್ಯದ ಬೇಕರಿ ಸ್ಥಳೀಯವೇ? ನಿಯಮದ ಪುಸ್ತಕ ತೆರೆದು ಹಿಂದೆ ಮುಂದೆ ನೋಡಿದೆ. ಶಶಿಯಕ್ಕ ನನ್ನ ಮೇಜಿನ ಎದುರು ನಿಂತಿದ್ದರು.

"ಸರ್, ಬಿ.ಸಿ.ರೋಡ್ ನಮಗೆ ಸ್ಥಳೀಯ ಅಂತ ಲೆಕ್ಕ. ಬಸ್ಸಲ್ಲಿ ಒಂದೂವರೆ ಗಂಟೆ. ಹಾಜಿಯವರ ಬೇಕರಿಯಲ್ಲಿ ಬನ್ನು ಬೆಂದರೆ ನಮ್ಮ ಡೈರಿಗೆ ಪರಿಮಳ ಬರ್ತದೆ."

ನನಗೆ ನಗು ತಡೆಯಲಾಗಲಿಲ್ಲ. ಸ್ಥಳೀಯ ಎಂದರೆ ಒಂದೇ ರಾಜ್ಯದೊಳಗೆ ಎಂದು ಪುಸ್ತಕದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಸಹಿ ಹಾಕಿದೆ. ಒಕ್ಕೂಟದ ದೊಡ್ಡವರು ಯಾರೂ ಆ ಕಾಗದವನ್ನು ಓದಿದಂತೆ ಕಾಣಲಿಲ್ಲ. ಕೆಲವೊಮ್ಮೆ ಅದೂ ಒಳ್ಳೆಯದೇ.

ಡಿಸೆಂಬರಿನಲ್ಲಿ ಸಂಘದ ಸದಸ್ಯರಿಗೆಲ್ಲ ಲೀಟರಿಗೆ ಎರಡೂವರೆ ರೂಪಾಯಿಯಷ್ಟು ಹೆಚ್ಚಿಗೆ ಸಿಕ್ಕಿತು. ಅಸ್ಕರ್ ಕೊಡುವಷ್ಟು ಆಗಲಿಲ್ಲ, ಆದರೆ ಡೈರಿಯಲ್ಲಿ ಹಸುವಿಗೆ ವಿಮೆ ಉಂಟು, ಡಾಕ್ಟರು ಉಂಟು, ವರ್ಷಕ್ಕೊಮ್ಮೆ ಬೋನಸ್ಸು ಉಂಟು. ಒಬ್ಬೊಬ್ಬರೇ ತಿರುಗಿ ಬರತೊಡಗಿದರು. ಬಾರದೆ ಉಳಿದ ಮುಖ್ಯರು ಮೈಮೂನಮ್ಮ. ಮೂರು ಹಸು, ದಿನಕ್ಕೆ ಇಪ್ಪತ್ತೆರಡು ಲೀಟರ್, ಸುತ್ತಲಿನ ಹತ್ತು ಮನೆಗಳು ಅವರ ಮಾತು ಕೇಳುವಂಥವು. ಆದರೆ ಅಸ್ಕರ್ ಅವರ ಸ್ವಂತ ತಂಗಿಯ ಮಗ. ತಂಗಿಯನ್ನು ಕೊಟ್ಟದ್ದು ಗಡಿಯ ಆಚೆ.

ಶಶಿಯಕ್ಕ ಅವರ ಮನೆಗೆ ಹೋಗಿ ಹಾಲು ಕೊಡಿ ಎಂದು ಕೇಳಲಿಲ್ಲ. ಅಸ್ಕರನಿಗೆ ಫೋನು ಮಾಡಿದರು. ಡೈರಿಯಿಂದ ಬೇಕರಿಗೆ ದಿನಾ ಹಾಲು ಸಾಗಿಸಬೇಕು, ಬಾಡಿಗೆ ಇಷ್ಟು, ನಿನ್ನ ಪಿಕಪ್ ಆದೀತಾ ಎಂದರು. ಅಸ್ಕರ್ ಎರಡು ದಿನ ಸಿಟ್ಟು ಮಾಡಿಕೊಂಡ. ಮನೆಮನೆ ಅಲೆಯುವುದು, ಒಡೆದ ಹಾಲಿಗೆ ಹಾಜಿಯವರ ಬೈಗುಳ ತಿನ್ನುವುದು ತಪ್ಪಿದರೆ ಅವನಿಗೂ ಬೇಡವೇ? ಮೂರನೆಯ ದಿನ ಒಪ್ಪಿದ. ನಾಲ್ಕನೆಯ ದಿನ ಬೆಳಿಗ್ಗೆ ಮೈಮೂನಮ್ಮ ಎರಡು ಪಾತ್ರೆ ಹಿಡಿದುಕೊಂಡು ಡೈರಿಯ ಅಂಗಳದಲ್ಲಿ ನಿಂತಿದ್ದರು. "ನನ್ನ ಹುಡುಗನ ಹೊಟ್ಟೆಗೆ ಹೊಡೀದೆ ನನ್ನನ್ನು ಕರ್ಕೊಂಡು ಬಂದಿದ್ದೀ ನೀನು," ಎಂದರಂತೆ. ಎದುರಾಳಿಯನ್ನೇ ತನ್ನ ಗಾಡಿಗೆ ಕೂರಿಸಿಕೊಂಡ ಈ ಬುದ್ಧಿಯನ್ನು ಬಿ.ಸಿ.ರೋಡಿನ ಸಭಾಂಗಣದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಜನವರಿ ಬಂತು. ಮೊದಲ ವಾರ ದಿನಕ್ಕೆ ನಾನೂರ ಎಪ್ಪತ್ತು, ಆಮೇಲೆ ನಾನೂರ ತೊಂಬತ್ತು, ಕೊನೆಗೆ ಐನೂರು ದಾಟಿತು. ಆದರೆ ನೋಟೀಸು ಹೇಳಿದ್ದು ಇಡೀ ತಿಂಗಳ ಸರಾಸರಿ. ಮೊದಲ ದಿನಗಳ ಕೊರತೆಯನ್ನು ಕೊನೆಯ ದಿನಗಳು ತುಂಬಬೇಕಿತ್ತು. ನಮ್ಮ ಲೆಕ್ಕದಲ್ಲಿ ಹಿಂದಿನ ಸಂಜೆಯ ಹಾಲು, ಮರುದಿನ ಬೆಳಗ್ಗಿನ ಹಾಲು ಸೇರಿ ಒಂದು ದಿನ. ಹಾಗಾಗಿ ಎಲ್ಲವೂ ಮೂವತ್ತೊಂದನೆಯ ತಾರೀಕಿನ ಬೆಳಗ್ಗೆಗೆ ಬಂದು ನಿಂತಿತು. ಆ ಬೆಳಿಗ್ಗೆ ಮುನ್ನೂರ ಮೂವತ್ತು ಲೀಟರ್ ಬಂದರೆ ಡೈರಿ ಉಳಿಯುತ್ತದೆ. ಹಿಂದಿನ ಬೆಳಿಗ್ಗೆ ಬಂದದ್ದು ಮುನ್ನೂರ ಇಪ್ಪತ್ತನಾಲ್ಕು. ಆರು ಲೀಟರ್ ಕಡಿಮೆ. ಶಶಿಯಕ್ಕ ಇದನ್ನು ಯಾರಿಗೂ ಹೇಳಿರಲಿಲ್ಲ, ಆದರೆ ಗೋಡೆಯ ಹಲಗೆಯಲ್ಲಿ ದಿನಾ ಬರೆಯುತ್ತಿದ್ದರು. ಊರಿಗೆ ಕೂಡಿಸಿ ಕಳೆಯಲು ಬರುತ್ತದೆ.

ನಾನು ಬೆಳಿಗ್ಗೆ ಆರಕ್ಕೆ ತಲುಪಿದೆ. ಕೂಲರ್ ಒಯ್ಯಲು ಒಕ್ಕೂಟದ ಲಾರಿ ಮೊದಲೇ ಬಂದು ಪೆಟ್ರೋಲ್ ಪಂಪಿನ ಬಳಿ ನಿಂತಿತ್ತು. ಅದನ್ನು ನೋಡಿಕೊಂಡೇ ಜನ ಪಾತ್ರೆ ಹಿಡಿದು ಬಂದರು. ಶಶಿಯಕ್ಕ ಒಬ್ಬೊಬ್ಬರ ಹಾಲಿನಿಂದ ಒಂದಿಷ್ಟು ತೆಗೆದು ನೀರು ಬೆರೆತಿದೆಯೇ ಎಂದು ಲ್ಯಾಕ್ಟೋಮೀಟರ್ ಇಳಿಸಿ ನೋಡುವುದು, ತೂಗುವುದು, ಟ್ಯಾಂಕಿಗೆ ಸುರಿಯುವುದು. ಅರ್ಧ ಸಾಲು ಮುಗಿಯಿತು.

ಮೈಮೂನಮ್ಮನ ಸರದಿ ಬಂತು. ಲ್ಯಾಕ್ಟೋಮೀಟರ್ ಇಪ್ಪತ್ತೆಂಟಕ್ಕೆ ನಿಲ್ಲಬೇಕಾದದ್ದು ಇಪ್ಪತ್ತನಾಲ್ಕಕ್ಕೆ ಇಳಿಯಿತು. ಶಶಿಯಕ್ಕ ಇನ್ನೊಮ್ಮೆ ಇಳಿಸಿದರು. ಮತ್ತೆ ಇಪ್ಪತ್ತನಾಲ್ಕು. ಪಾತ್ರೆಯನ್ನು ಬದಿಗಿಟ್ಟರು. ಮುಂದಿನವರ ಹಾಲೂ ಹಾಗೆಯೇ. ಅದರ ಮುಂದಿನದೂ. ಹನ್ನೊಂದು ಪಾತ್ರೆಗಳು ಸಾಲಾಗಿ ಗೋಡೆಗೆ ಒರಗಿದವು, ಅರವತ್ತೆರಡು ಲೀಟರ್. ಹನ್ನೊಂದೂ ಮೈಮೂನಮ್ಮ ಮತ್ತು ಅವರ ಅಕ್ಕಪಕ್ಕದವರವು.

ನೀರು ಬೆರೆಸುವವರನ್ನು ನಾನು ಬಹಳ ನೋಡಿದ್ದೇನೆ. ಅವರ ಮುಖ ಹೀಗಿರುವುದಿಲ್ಲ. ಇವರು ತಲೆ ತಗ್ಗಿಸಲಿಲ್ಲ, ಜಗಳಕ್ಕೂ ಬರಲಿಲ್ಲ. ಶಶಿಯಕ್ಕನ ಮುಖವನ್ನೇ ನೋಡುತ್ತ ನಿಂತಿದ್ದರು.

"ಎಲ್ಲರೂ ಸೇರಿ ಎಂಟು ಲೀಟರ್," ಎಂದರು ಮೈಮೂನಮ್ಮ ಮೆಲ್ಲಗೆ. "ನಮ್ಮ ಬಾವಿಯ ಒಳ್ಳೆಯ ನೀರು ಮಾರಾಯ್ತಿ. ಒಬ್ಬೊಬ್ಬರದು ಒಂದು ಲೀಟರ್ ಕೂಡ ಇಲ್ಲ. ಹಣಕ್ಕಲ್ಲ, ನಮ್ಮ ಹೆಸರಿಗೆ ಅದನ್ನು ಬರೀಬೇಡ. ಇವತ್ತೊಂದು ದಿನಕ್ಕೆ. ಆ ಲಾರಿ ಖಾಲಿ ಹೋಗ್ಲಿ ಅಂತ."

ಲಾಭಕ್ಕೆ ನೀರು ಬೆರೆಸುವುದು ಲೋಕದಲ್ಲಿ ಉಂಟು. ಡೈರಿ ಉಳಿಯಲೆಂದು ಪುಕ್ಕಟೆಯಾಗಿ ನೀರು ಬೆರೆಸಿದ ಹನ್ನೊಂದು ಮನೆಗಳನ್ನು ನಾನು ಕಂಡದ್ದು ಅಲ್ಲಿ ಮಾತ್ರ.

ಶಶಿಯಕ್ಕನ ಕಣ್ಣು ತುಂಬಿತ್ತು. "ನನಗೋಸ್ಕರ ಅಂತ ಗೊತ್ತುಂಟು ಮೈಮೂನಮ್ಮ. ಅದಕ್ಕೆ ನನಗೆ ಬೈಲಿಕ್ಕೂ ಆಗುದಿಲ್ಲ. ಆದ್ರೆ ಇದು ಟ್ಯಾಂಕಿ ಒಳಗೆ ಹೋಗುವುದಿಲ್ಲ. ಈ ಟ್ಯಾಂಕಿಯ ಹಾಲು ಹಾಜಿಯವರಿಗೂ ಹೋಗ್ತದೆ, ಸಣ್ಣ ಮಕ್ಕಳಿರುವ ಮನೆಗಳಿಗೂ ಹೋಗ್ತದೆ."

"ಡೈರಿಯೇ ಹೋದ ಮೇಲೆ ಯಾವ ಹಾಜಿಯವರು?" ಅಂಗಡಿಯಿಂದ ಎದ್ದು ಬಂದಿದ್ದ ಹನೀಫಾ ಕೇಳಿದರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು.

ಶಶಿಯಕ್ಕ ಉಳಿದವರ ಹಾಲು ನೋಡಿ, ತೂಗಿ, ಸುರಿದು ಮುಗಿಸಿದರು. ಒಟ್ಟು ಇನ್ನೂರ ಎಪ್ಪತ್ತು. ತಿಂಗಳ ಸರಾಸರಿ ನಾನೂರ ತೊಂಬತ್ತೆಂಟು. ಹಲಗೆಯಲ್ಲಿ ಅದನ್ನು ಬರೆದು, ನನ್ನ ಮುಂದೆ ನಮೂನೆಯ ಕಾಗದ ಇಟ್ಟು, ಕ್ಯಾನುಗಳನ್ನು ತೊಳೆಯಲು ಹಿಂದಿನ ನಲ್ಲಿಯ ಕಡೆಗೆ ಹೋದರು. ನನ್ನ ಕಡೆ ತಿರುಗಿ ನೋಡಲಿಲ್ಲ.

ಹನೀಫಾ ನನ್ನ ಪಕ್ಕ ಬಂದು ನಿಂತರು. "ಎರಡೇ ಲೀಟರ್ ಸರ್. ಅದು ನಿಮ್ಮ ಪೆನ್ನಿನಲ್ಲೇ ಉಂಟಲ್ಲ."

ನಿಜವೇ. ಆ ತೊಂಬತ್ತೆಂಟನ್ನು ನೂರು ಮಾಡಿದರೆ ಮೇಲಿನವರು ಯಾರೂ ಬಂದು ಹಲಗೆ ನೋಡುವವರಲ್ಲ. ಐನೂರು ಎಂದು ಬರೆದುಬಿಡುವ ಎಂದು ಮನಸ್ಸು ಮಾಡಿದೆ. ಐದರ ಮೊದಲ ಗೆರೆಯನ್ನೂ ಎಳೆದೆ. ಹಿಂದಿನಿಂದ ಕ್ಯಾನ್ ಉಜ್ಜುವ ಶಬ್ದ ಬರುತ್ತಿತ್ತು. ಮುನ್ನೂರ ಮೂವತ್ತೆರಡು ಲೀಟರ್ ಅವರ ಕಣ್ಣೆದುರೇ ಬಂದು ನಿಂತಿತ್ತು, ಸುಮ್ಮನೆ ಸುರಿದಿದ್ದರೆ ಆಗುತ್ತಿತ್ತು. ಸುರಿಯದೆ ಹೋದವರ ಡೈರಿಯನ್ನು ನಾನು ಸುಳ್ಳು ಬರೆದು ಉಳಿಸುವುದೇ? ಎಳೆದ ಗೆರೆಯನ್ನು ತಿದ್ದಿ ನಾಲ್ಕು ಮಾಡಿದೆ. ನಾನೂರ ತೊಂಬತ್ತೆಂಟು ಎಂದೇ ಬರೆದೆ.

ಅದರ ಕೆಳಗೆ ಷರಾ ಎಂಬ ಜಾಗವಿತ್ತು. ಇಪ್ಪತ್ತೆಂಟು ವರ್ಷ ಅಲ್ಲಿ 'ಇಲ್ಲ' ಎಂದು ಬರೆದು ಅಭ್ಯಾಸ. ಅಂದು ಹೀಗೆ ಬರೆದೆ: "ಇಂದು ಅರವತ್ತೆರಡು ಲೀಟರ್ ಹಾಲನ್ನು ಕಾರ್ಯದರ್ಶಿಯವರು ತಿರಸ್ಕರಿಸಿದ್ದಾರೆ. ತಿರಸ್ಕರಿಸದಿದ್ದರೆ ಸರಾಸರಿ ಐನೂರು ದಾಟುತ್ತಿತ್ತು. ಈ ಸಂಘವನ್ನು ಮುಚ್ಚಲು ನಾನು ಶಿಫಾರಸು ಮಾಡುವುದಿಲ್ಲ. ಲಾರಿಯನ್ನು ನನ್ನ ಜವಾಬ್ದಾರಿಯಲ್ಲಿ ಹಿಂದಕ್ಕೆ ಕಳುಹಿಸಿದ್ದೇನೆ." ಸಹಿ ಹಾಕಿ, ಪಂಪಿನ ಬಳಿಗೆ ನಡೆದು ಹೋಗಿ ಡ್ರೈವರನಿಗೆ ಹೋಗಲು ಹೇಳಿದೆ. ಏನು ತುಂಬಿಸಬೇಕು ಎಂದು ಅವನು ಎರಡು ಸಲ ಕೇಳಿದ.

ಆ ಕಾಗದಕ್ಕೆ ನನಗೆ ಮೆಮೊ ಬಂತು. ಅಧಿಕಾರ ಮೀರಿ ವರ್ತಿಸಿದ್ದಕ್ಕೆ ವಿವರಣೆ ಕೊಡಿ ಎಂದು. ನನ್ನ ಇಡೀ ಸರ್ವಿಸಿನಲ್ಲಿ ಬಂದ ಒಂದೇ ಮೆಮೊ. ವಿವರಣೆ ಕೊಟ್ಟೆ. ಒಕ್ಕೂಟದವರು ಅದನ್ನು ಓದಿದರು, ಮತ್ತೊಂದು ತಿಂಗಳು ನೋಡುವ ಎಂದರು. ಫೆಬ್ರವರಿಯ ಸರಾಸರಿ ಐನೂರ ಮೂವತ್ತು. ಈಗ ಕೆದುಮೂಲೆಯಲ್ಲಿ ದಿನಕ್ಕೆ ಏಳ್ನೂರು ಲೀಟರ್ ಹಾಲಾಗುತ್ತದೆ, ಮುಚ್ಚಿದ್ದ ಎರಡು ಅಂಗಡಿಗಳಲ್ಲಿ ಒಂದರ ಬಾಗಿಲು ತೆರೆದಿದೆ. ಮೂಡುಬಿದಿರೆಯ ಆ ಸಂಘಕ್ಕೆ ಹೊಸ ಕೂಲರೇ ಬಂತು.

ಕಳೆದ ತಿಂಗಳು ಶಶಿಯಕ್ಕ ಬೆಳ್ತಂಗಡಿಯಲ್ಲಿ ಯಾರದೋ ಮದುವೆಗೆ ಬಂದವರು ಲಾಯಿಲದಲ್ಲಿ ಇಳಿದು ನಮ್ಮ ಮನೆಗೂ ಬಂದಿದ್ದರು. ಮಾತಿನ ನಡುವೆ ಕೇಳಿದೆ: "ಆ ದಿವಸ ನೀವು ತಿರುಗಿ ಕೂಡ ನೋಡಲಿಲ್ಲ. ಡೈರಿ ಹೋಯ್ತು ಅಂತ ಹೆದರಿಕೆ ಆಗಿತ್ತಾ?"

"ಅದು ಹೋಯ್ತು ಅಂತಲೇ ತಿಳ್ಕೊಂಡದ್ದು ಸರ್, ಅದಕ್ಕೆ ಅತ್ತು ಆಗಿತ್ತು," ಎಂದರು. ಸ್ವಲ್ಪ ತಡೆದು, ನೆಲ ನೋಡುತ್ತ ಹೇಳಿದರು: "ಹೆದರಿಕೆ ಆದದ್ದು ನೀವು ಐನೂರು ಬರೀತೀರಿ ಅಂತ."

ಆ ಕಾಗದದಲ್ಲಿ ಐದನ್ನು ತಿದ್ದಿ ನಾಲ್ಕು ಮಾಡಿದ ಗುರುತು ಈಗಲೂ ಇರಬೇಕು.